ಚೆರಿ ಪೈಗೆ ಬೆಣ್ಣೆಯೇ ಹಾಕಿದ್ದು

ಶ್ರೀ ಗುರುಬಸವಲಿಂಗಾಯ ನಮಃ

ನ್ಯೂಟೌನ್, ಭದ್ರಾವತಿ
ಗುರುವಾರ, ೨೦ ಜೂನ್ ೧೯೬೩

ಶಿವಮೊಗ್ಗ ದುರ್ಗಿಗುಡಿಯ ಸೌಭಾಗ್ಯವತಿ ಸುಭದ್ರಮ್ಮನವರಿಗೆ, ನಿಮ್ಮ ತಮ್ಮ ಷಡಕ್ಷರಪ್ಪನವರ ಹೆಂಡತಿ ಜಗದಾಂಬಾ ಮಾಡುವ ಶರಣಾರ್ಥಿಗಳು.

ಉಭಯ ಕುಶಲೋಪರಿ ಎಂದು ಬರೆಯುವುದು ರೂಢಿ. ನಮ್ಮ ಕಡೆ ಕುಶಲ. ನಿಮ್ಮ ಕಡೆಯದನ್ನು ಈ ಕಾಗದ ಓದಿ ಮುಗಿಸಿದ ಮೇಲೆ ನೀವೇ ವಿಚಾರಿಸಿಕೊಳ್ಳಿ, ಅತ್ತಿಗೆ.

ನನ್ನ ಮಗಳು ಭಾಮಾ ನನ್ನ ಹತ್ತಿರ ಇದ್ದಾಳೆ. ಮಂಗಳವಾರ ಬೆಳಗಿನ ರೈಲಿಗೆ ಒಬ್ಬಳೇ ಬಂದಳು. ಯಾರೂ ಅವಳನ್ನು ಕದ್ದು ತರಲಿಲ್ಲ, ಹಾಗೆ ಮಕ್ಕಳನ್ನು ಎತ್ತಿಕೊಂಡು ಹೋಗುವ ಅಭ್ಯಾಸ ನಮ್ಮ ತವರಿನ ಕಡೆ ಇಲ್ಲ. ನಿನ್ನೆ ನಿಮ್ಮ ಅಂಗಡಿಯ ಗುಮಾಸ್ತ ಧರ್ಮಪ್ಪ ಬಂದು ಬಾಗಿಲಲ್ಲೇ ನಿಂತು, ಭಾನುವಾರ ನೀವು ಹಿರಿಯರನ್ನು ಕಟ್ಟಿಕೊಂಡು ಬರುತ್ತೀರೆಂದೂ, ಹುಡುಗಿಯ ಬಟ್ಟೆಬರೆ ಕಟ್ಟಿ ತಯಾರಾಗಿ ಇಟ್ಟಿರಬೇಕೆಂದೂ ಹೇಳಿ ಹೋದ. ಪಾಪ, ಅವನಿಗೆ ನೀರು ಕುಡಿಯುತ್ತೀಯಾ ಎಂದು ಕೇಳಿದೆ. ಒಳಗೆ ನೋಡಿದ, ನನ್ನ ಮುಖ ನೋಡಿದ, ಬೇಡ ಅಂದ. ನಿಮ್ಮ ಉಪ್ಪು ತಿನ್ನುವವನು ಇನ್ನೇನು ಹೇಳಿಯಾನು. ಬನ್ನಿ, ಭಾನುವಾರ ಬನ್ನಿ. ಬರುವ ಮುಂಚೆ ಈ ಕಾಗದವನ್ನು ಪೂರ್ತಿ ಓದಿಕೊಂಡು ಬನ್ನಿ ಎಂದಷ್ಟೇ ನನ್ನ ವಿನಂತಿ.

ಆರು ವರ್ಷದ ಹಿಂದಿನ ಮಾತನ್ನು ಮೊದಲು ನೆನಪಿಸುತ್ತೇನೆ. ನಿಮಗೆ ಮರೆತಿದೆ ಎಂದಲ್ಲ. ನೀವು ಅದನ್ನು ಊರಿಗೆಲ್ಲ ಹೇಳಿ ಹೇಳಿ, ನಿಮ್ಮ ನೆನಪಿನಲ್ಲಿ ಇರುವುದು ನೀವು ಹೇಳಿದ್ದೇ ಹೊರತು ನಡೆದದ್ದಲ್ಲ.

ಆ ವರ್ಷ ಭಾಮಾಗೆ ವಿಷಮಶೀತ ಜ್ವರ ಬಂದು ಬಿಟ್ಟಿತ್ತಲ್ಲ. ಏಳು ವರ್ಷದ ಕೂಸು, ಎತ್ತಿದರೆ ಬಟ್ಟೆಯ ಗಂಟು ಎತ್ತಿದ ಹಾಗೆ ಇರುತ್ತಿದ್ದಳು. ಅನ್ನ ಕಂಡರೆ ಬಾಯಿ ಮುಚ್ಚುತ್ತಿದ್ದಳು, ಹಾಲು ಕಂಡರೆ ವಾಂತಿ. ನಿಮ್ಮ ತಮ್ಮ ಕಾರ್ಖಾನೆಯಲ್ಲಿ ಅಮೆರಿಕದ ಎಂಜಿನಿಯರ್ ಹಾರ್ಪರ್ ಅವರ ಕೈಕೆಳಗೆ ಇದ್ದರು. ಹಾರ್ಪರ್ ಅವರ ಹೆಂಡತಿ ದೊರೆಸಾನಿಗೆ ಹಳೆಯ ಎಣ್ಣೆಯ ಪೀಪಾಯಿ ಕತ್ತರಿಸಿ ಒಂದು ಓವನ್ ಮಾಡಿಕೊಟ್ಟಿದ್ದರು. ನಮ್ಮ ಅಂಗಳಕ್ಕೂ ಒಂದನ್ನು ಮಾಡಿದರು. ಮಗು ತಿನ್ನುವುದಿಲ್ಲ ಎಂದು ಕೇಳಿ ಆ ಪುಣ್ಯಾತ್ಗಿತ್ತಿ ನನ್ನನ್ನು ಕರೆಸಿ ಚೆರಿ ಪೈ ಎಂಬ ತಿಂಡಿ ಕಲಿಸಿಕೊಟ್ಟರು. ಮೈದಾ ಹಿಟ್ಟಿಗೆ ಜಿಡ್ಡು ಉಜ್ಜಿ ಎರಡು ಹಾಳೆ ಲಟ್ಟಿಸುವುದು, ನಡುವೆ ಹುಳಿಹಣ್ಣನ್ನು ಸಿಹಿಹಾಕಿ ಬೇಯಿಸಿದ ಪಾಕ, ಮೇಲೆ ಹಿಟ್ಟಿನ ಪಟ್ಟಿಗಳ ಹೆಣಿಗೆ. ಇಷ್ಟೇ. ಮೊಟ್ಟೆ ಇಲ್ಲ. ಅವರ ದೇಶದಲ್ಲಿ ಆ ಜಿಡ್ಡಿಗೆ ಹಂದಿಯ ಕೊಬ್ಬು ಹಾಕುತ್ತಾರೆ. ಇದನ್ನು ಅವರೇ ಮೊದಲ ದಿನವೇ ನನಗೆ ತಿಳಿಯುವ ಹಾಗೆ ಹೇಳಿದರು, ಅವರ ತಮಿಳು ಅಡುಗೆಯವಳನ್ನು ನಡುವೆ ನಿಲ್ಲಿಸಿಕೊಂಡು, ಎರಡು ಸಲ. ನಾವು ಲಿಂಗ ಕಟ್ಟಿದವರು, ಅದು ಆಗದು ಅಂದೆ. ಸರಿ, ಬೆಣ್ಣೆ ಹಾಕೋಣ ಅಂದರು. ನನ್ನ ಬೆಣ್ಣೆ, ನನ್ನ ಮನೆ, ನನ್ನ ಒಲೆ. ಅವರು ತಮ್ಮ ಮನೆಗೆ ಮಾಡಿದ್ದನ್ನು ನಾನು ಮೂಸಿದ್ದು ನಿಜ. ಪರಿಮಳ ಚೆನ್ನಾಗಿತ್ತು. ಮೂಸಿದ್ದಕ್ಕೂ ಪ್ರಾಯಶ್ಚಿತ್ತ ಇದ್ದರೆ ಭಾನುವಾರ ಬರುವಾಗ ಅಯ್ನೋರನ್ನು ಕೇಳಿಕೊಂಡು ಬನ್ನಿ.

ಅವರ ಡಬ್ಬದ ಚೆರಿ ಮುಗಿದ ಮೇಲೆ ನಾನು ಕೌಳಿ ಹಣ್ಣು ಹಾಕಿದೆ. ಹಳೇನಗರದ ಸಂತೆಗೆ ಉಚ್ಚಂಗಮ್ಮ ಮುತ್ತುಗದ ಎಲೆಯಲ್ಲಿ ಕಟ್ಟಿ ತರುತ್ತಾಳಲ್ಲ, ಅದೇ. ಬೀಜ ತೆಗೆದು ಬೆಲ್ಲ ಹಾಕಿ ಕುದಿಸಿದರೆ ಚೆರಿಯದೇ ಬಣ್ಣ. ದೊರೆಸಾನಿ ತಿಂದು, ಇದೇ ವಾಸಿ ಎಂದು ತಲೆಯಾಡಿಸಿದರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು, ಹಿಟ್ಟಿನಿಂದ ಮೈಗೆ ಶಕ್ತಿ, ಬೆಣ್ಣೆಯಿಂದ ಪುಷ್ಟಿ, ಹಣ್ಣು ಬೆಲ್ಲದಿಂದ ರಕ್ತಕ್ಕೆ ಕಬ್ಬಿಣ. ಭದ್ರಾವತಿಯಲ್ಲಿ ಕಬ್ಬಿಣಕ್ಕೇನು ಬರ ಎಂದು ನಿಮ್ಮ ತಮ್ಮ ನಕ್ಕರು. ಆದರೆ ಮಗು ತಿಂದಳು, ಅತ್ತಿಗೆ. ಮೊದಲು ಅಂಚಿನ ಹಪ್ಪಳದಂಥ ಚೂರು, ಆಮೇಲೆ ಒಂದು ತುಂಡು. ಬಾಯಿಗೆ ರುಚಿ ಹತ್ತಿದ ಮೇಲೆ ಅನ್ನವನ್ನೂ ಕೇಳಿದಳು. ಅವಳ ಕೆನ್ನೆಗೆ ಬಣ್ಣ ಬಂದದ್ದನ್ನು ನೋಡಿ ನಾನು ಸೀರೆಯ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದೇನೆ.

ಆಗ ನೀವು ಬಂದಿರಿ, ನಿಮ್ಮ ತಾಯಿ ಕಲ್ಲಮ್ಮನವರನ್ನು ಕರೆದುಕೊಂಡು. ಮಗು ಹೇಗಿದ್ದಾಳೆ ಎಂದು ಕೇಳಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ ಕಪಾಟು ತೆರೆದಿರಿ. ಅಲ್ಲಿ ಆ ಡಬ್ಬ ಇತ್ತು. ದೊರೆಸಾನಿಯ ಮನೆಯ ಖಾಲಿ ಡಬ್ಬ, ಮೇಲೆ ದಪ್ಪ ಹಂದಿಯ ಚಿತ್ರ. ಮುಚ್ಚಳ ಬಿಗಿಯಾಗಿ ಕೂರುತ್ತದೆ, ಮೈದಾಕ್ಕೆ ಹುಳ ಹಿಡಿಯುವುದಿಲ್ಲ ಎಂದು ಇಸಕೊಂಡು ಬಂದಿದ್ದೆ. ಹುಣಿಸೆಹಣ್ಣು ಬೂದಿ ಹಾಕಿ ತಿಕ್ಕಿ, ಬಿಸಿನೀರಲ್ಲಿ ಕುದಿಸಿ, ಬಿಸಿಲಿಗೆ ಇಟ್ಟಿದ್ದೆ. ಚಿತ್ರವನ್ನು ಕೆರೆದು ತೆಗೆಯಲಿಲ್ಲ, ಅದೊಂದು ತಪ್ಪು. ಕಾರ್ಖಾನೆಯ ಲೈನುಗಳಲ್ಲಿ ಯಾರ ಮನೆಗೆ ಹೋದರೂ ಇಂಥ ಡಬ್ಬಗಳೇ, ಒಂದರ ಮೇಲೆ ಎಣ್ಣೆ ಎಂದಿರುತ್ತದೆ, ಒಳಗೆ ಮೆಣಸಿನಕಾಯಿ ಇರುತ್ತದೆ. ಒಳಗೇನಿದೆ ಎಂದು ನೀವು ನೋಡಲಿಲ್ಲ. ಚಿತ್ರವೇ ಸಾಕಾಯಿತು.

ಹಿರಿಯರು ಕೂತರು. ಚಂದ್ರಶೇಖರಪ್ಪನವರು ನಡುವೆ, ಡಬ್ಬ ಅವರ ಮುಂದೆ. ನಾನು ಎದೆಯ ಮೇಲಿನ ಲಿಂಗವನ್ನು ಕೈಯಲ್ಲಿ ಹಿಡಿದು ಆಣೆ ಮಾಡಿದೆ, ಬೆಣ್ಣೆಯೇ ಹಾಕಿದ್ದು ಅಂತ. ನೀವು ಏನು ಹೇಳಿದಿರಿ, ನೆನಪಿದೆಯಾ? "ಹಂದಿ ತಿಂದ ಬಾಯಿ ಆಣೆಗೇನು ಹೆದ್ರುತ್ತೆ. ಈ ಮಗೂನ ಇವಳ ಕೈಲಿ ಬಿಟ್ರೆ ನಾಳೆ ನಮ್ಮ ಕುಲಾನೇ ಕೆಡಿಸ್ತಾಳೆ." ಇದು ನಿಮ್ಮ ಮಾತು, ಒಂದಕ್ಷರ ಆಚೀಚೆ ಇಲ್ಲ. ಅವತ್ತೇ ಸಾಯಂಕಾಲ ನನ್ನ ಮಗಳನ್ನು ಎತ್ತಿಕೊಂಡು ಹೋದಿರಿ. ಡಬ್ಬವನ್ನೂ ಸಾಕ್ಷಿಗೆ ಇರಲಿ ಎಂದು ಎತ್ತಿಕೊಂಡು ಹೋದಿರಿ. ನಿಮಗೆ ಬೇಕಾಗಿದ್ದದ್ದು ಒಂದು ಮಗು, ಅತ್ತಿಗೆ. ಶಿವ ನಿಮಗೆ ಕೊಡಲಿಲ್ಲ, ಅದಕ್ಕೆ ನಾನೂ ಮರುಗಿದವಳೇ. ಕೈಚಾಚಿ ಕೇಳಿದ್ದರೆ ರಜೆಯಲ್ಲಿ ಕಳಿಸುತ್ತಿದ್ದೆ, ಹಬ್ಬಕ್ಕೆ ಕಳಿಸುತ್ತಿದ್ದೆ. ನೀವು ಕೇಳಲಿಲ್ಲ. ನನ್ನನ್ನು ಹೊಲಸು ಮಾಡಿ ಕಿತ್ತುಕೊಂಡಿರಿ.

ನಿಮ್ಮ ತಮ್ಮ ಅವತ್ತು ಕಂಬಕ್ಕೆ ಒರಗಿ ಕೂತವರು ಬಾಯಿ ಬಿಡಲಿಲ್ಲ. ಅವರನ್ನು ನಾನು ಮನೆಯಲ್ಲೇ ವಿಚಾರಿಸಿಕೊಳ್ಳುತ್ತಿದ್ದೇನೆ. ಆರು ವರ್ಷದಿಂದ ಅವರು ಬಯಸಿದ ಸಾರು ಈ ಮನೆಯಲ್ಲಿ ಆಗಿಲ್ಲ.

ಆಮೇಲೆ ನಾನು ನಿಮ್ಮ ಮನೆಗೆ ಬಂದರೆ ಪಡಸಾಲೆಯ ತನಕ. ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ಕೊಡ ಮುಟ್ಟುವಂತಿಲ್ಲ, ಮಗಳಿಗೆ ತಿನ್ನಿಸುವಂತಿಲ್ಲ. ತಲೆ ಬಾಚುವುದಕ್ಕೆ ಮಾತ್ರ ಅಪ್ಪಣೆ ಇತ್ತು, ಕೂದಲಿಗೆ ಮೈಲಿಗೆ ಇಲ್ಲವಂತೆ. ಅಷ್ಟನ್ನಾದರೂ ಬಿಟ್ಟಿರಲ್ಲ, ಅದಕ್ಕೆ ನಿಮಗೆ ಋಣಿ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಹೋದ ವರ್ಷ ನಿಮ್ಮ ತಾಯಿ ಹಾಸಿಗೆ ಹಿಡಿದರು. ಕೊನೆಯ ದಿನ ನಾನು ತಲೆದೆಸೆಯಲ್ಲಿ ಕೂತಿದ್ದೆ. ಅವರು ಕಣ್ಣು ಬಿಟ್ಟು, "ಜಗದಾಂಬಾ, ಒಂದ್ ಗುಟುಕು ನೀರ್ ಹಾಕೇ" ಅಂದರು. ನನ್ನ ಹೆಸರು ಹಿಡಿದು ಕೇಳಿದರು. ನಾನು ಲೋಟ ಎತ್ತಿ ಅವರ ತುಟಿಯ ಹತ್ತಿರ ಒಯ್ದಿದ್ದೆ. ನೀವು ನನ್ನ ಕೈಯಿಂದ ಲೋಟ ಕಿತ್ತು ನೀರನ್ನು ಹಿತ್ತಲಿಗೆ ಚೆಲ್ಲಿ, ಬೇರೆ ಲೋಟ ತರುವುದಕ್ಕೆ ಒಳಗೆ ಹೋದಿರಿ. ನೀವು ತರುವಷ್ಟರಲ್ಲಿ ಅವರಿಗೆ ನುಂಗುವ ಶಕ್ತಿ ಹೋಗಿತ್ತು. ಮಗಳನ್ನು ಕಿತ್ತುಕೊಂಡದ್ದನ್ನು ಎಂದಾದರೂ ಒಂದು ದಿನ ಮರೆಯುತ್ತಿದ್ದೆನೋ ಏನೋ. ಆ ಲೋಟವನ್ನು ಮರೆಯಲಾರೆ. ಈಗ ನಾನು ಬರೆಯುತ್ತಿರುವುದು ಸೇಡಿನ ಕಾಗದವೇ. ಅದಕ್ಕೆ ಬೇರೆ ಹೆಸರಿಟ್ಟು ಕರೆಯುವ ಜಾಣತನ ನನಗಿಲ್ಲ.

ಈಗ ಹೋದ ಭಾನುವಾರದ ವಿಚಾರಕ್ಕೆ ಬರುತ್ತೇನೆ.

ನಿಮ್ಮ ಮಹಿಳಾ ಸಂಘದ ಪೌಷ್ಟಿಕ ಆಹಾರ ಪ್ರದರ್ಶನಕ್ಕೆ ನಾನೂ ಬಂದಿದ್ದೆ. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದೆ. ನೀವು ಅಧ್ಯಕ್ಷರ ಕುರ್ಚಿಯಲ್ಲಿ, ಜರಿ ಅಂಚಿನ ಸೀರೆ, ಹಣೆಯ ತುಂಬ ವಿಭೂತಿ. ನಿಮಗೆ ಒಪ್ಪುತ್ತಿತ್ತು, ಅದನ್ನು ಇಲ್ಲ ಎನ್ನಲಾರೆ. ಮೇಜಿನ ಮೇಲೆ ಮೊಳಕೆ ಕಾಳು, ರಾಗಿ ಉಂಡೆ, ಹುರುಳಿಕಟ್ಟು, ಯಾರೋ ಮಾಡಿದ ನುಗ್ಗೆಸೊಪ್ಪಿನ ಪಲ್ಯ. ನಡುವೆ ಭಾಮಾ ಮಾಡಿದ ಕೌಳಿ ಹಣ್ಣಿನ ತಿಂಡಿ, ನಿಮ್ಮದೇ ಎನಾಮಲ್ ತಟ್ಟೆಯಲ್ಲಿ, ಮೇಲೆ ಹಿಟ್ಟಿನ ಪಟ್ಟಿಗಳ ಹೆಣಿಗೆ, ಸಂದುಗಳಲ್ಲಿ ಕೆಂಪು ಪಾಕ ಇಣುಕುತ್ತಿತ್ತು. ತೀರ್ಪು ಕೊಡಲು ಬಂದಿದ್ದ ಡಾಕ್ಟರಮ್ಮ ಮೊದಲು ತಿಂದರು. ಹಿಟ್ಟು ಮೈಗೆ ಶಕ್ತಿ, ಬೆಣ್ಣೆ ಬೆಳೆಯುವವರಿಗೆ ಪುಷ್ಟಿ, ಕೌಳಿ ಹಣ್ಣು ಬೆಲ್ಲ ರಕ್ತಕ್ಕೆ ಒಳ್ಳೆಯದು, ಆದರೆ ಇದೊಂದನ್ನೇ ತಿಂದು ಕೂತರೆ ಸಾಲದು, ಬೇಳೆ ಸೊಪ್ಪೂ ಬೇಕು, ಬಾಯಿ ಕೆಟ್ಟ ಮಕ್ಕಳಿಗೆ ರುಚಿ ಹಿಡಿಸಲು ಇದಕ್ಕಿಂತ ವಾಸಿ ತಿಂಡಿ ನಾನು ಕಂಡಿಲ್ಲ ಎಂದರು. ಅಕ್ಷರಶಃ ಹಾರ್ಪರ್ ದೊರೆಸಾನಿ ಹೇಳಿದ್ದೇ. ಅದೇ ಮಾತಿಗೆ ಆಗ ನನ್ನ ಮಗಳು ಕೈತಪ್ಪಿ ಹೋದಳು, ಈಗ ಅದಕ್ಕೆ ಮೊದಲ ಬಹುಮಾನ ಬಂತು.

ಆಮೇಲೆ ನೀವು ಎದ್ದಿರಿ. ಒಂದು ತುಂಡು ತಿಂದಿರಿ, ಮತ್ತೊಂದನ್ನು ಕೈಗೆತ್ತಿಕೊಂಡಿರಿ. ಭಾಮಾಳ ತಲೆಯ ಮೇಲೆ ಕೈಯಿಟ್ಟು ಹೇಳಿದಿರಿ, "ಇದು ನಮ್ಮ ತಾಯಿ ಕಲ್ಲಮ್ಮನೋರು ಮಾಡ್ತಿದ್ದ ತಿಂಡಿ. ಈ ಹುಡುಗೀಗೆ ನಾನೇ ಕಲ್ಸಿದ್ದು. ನಮ್ಮನೆ ಎಮ್ಮೆ ಬೆಣ್ಣೆ, ನಮ್ಮನೆ ಒಲೆ, ನನ್ನ ಕಣ್ಣೆದುರಿಗೇ ಕೂತು ಮಾಡಿಸ್ದೆ. ಮಡಿ ಅಂದ್ರೆ ಹಿಂಗಿರ್ಬೇಕು, ಶಕ್ತಿ ಅಂದ್ರೆ ಇದ್ರಲ್ಲಿರ್ಬೇಕು." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಚಂದ್ರಶೇಖರಪ್ಪನವರ ಮನೆಯವರು ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡರು, ಬೆರಳನ್ನೂ ನೆಕ್ಕಿದರು.

ನಿಮ್ಮ ತಾಯಿ ಮಾಡುತ್ತಿದ್ದ ತಿಂಡಿಯಂತೆ. ನಿಮ್ಮ ತಾಯಿ ಮೈದಾ ಹಿಟ್ಟನ್ನು ಪೋಸ್ಟರ್ ಅಂಟಿಸುವುದಕ್ಕೆ ಎಂದುಕೊಂಡಿದ್ದವರು.

ಆ ತಿಂಡಿ ಯಾವುದು ಎಂದು ನಿಮಗೆ ಈಗ ಹೊಳೆದಿರಬೇಕು. ಆರು ವರ್ಷದ ಹಿಂದೆ ನೀವು ನನ್ನ ಅಡುಗೆಮನೆಯಲ್ಲಿ ಡಬ್ಬ ನೋಡಿದಿರಿ, ಅಂಗಳದ ಓವನ್ ನೋಡಿದಿರಿ, ತಿಂಡಿಯನ್ನು ಮಾತ್ರ ನೋಡಲಿಲ್ಲ. ನೋಡಿದ್ದರೆ ಭಾನುವಾರ ಗುರುತು ಹಿಡಿಯುತ್ತಿದ್ದಿರಿ. ಹೌದು ಅತ್ತಿಗೆ, ಅದೇ ಚೆರಿ ಪೈ. ಯುಗಾದಿಗೆ ಬಂದಾಗ ನಿಮ್ಮ ಪಡಸಾಲೆಯಲ್ಲಿ ಕೂತು ಭಾಮಾಳ ತಲೆ ಬಾಚುತ್ತ ನಾನು ಕಲಿಸಿದ್ದು. ಹಿಟ್ಟಿಗೆ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಹೇಗೆ ಉಜ್ಜಬೇಕು, ಹಣ್ಣಿಗೆ ಬೆಲ್ಲ ಎಷ್ಟು, ಪಾತ್ರೆಯ ತಳಕ್ಕೆ ಮರಳು ಹಾಕಿ ಮುಚ್ಚಳದ ಮೇಲೂ ಕೆಂಡ ಸುರಿಯುವುದು ಹೇಗೆ, ಎಲ್ಲವನ್ನೂ ಕಿವಿಯ ಹತ್ತಿರ ಹೇಳಿದೆ. ಹಿಟ್ಟಿನ ಪಟ್ಟಿಗಳನ್ನು ಒಂದರ ಮೇಲೆ ಒಂದರ ಕೆಳಗೆ ಹಾಯಿಸುವುದನ್ನು ಅವಳ ಜಡೆ ಹೆಣೆಯುತ್ತ ತೋರಿಸಿದೆ. ಅವಳಿಗೆ ಅರ್ಧ ಮೊದಲೇ ನೆನಪಿತ್ತು. ನೀವು ಅಲ್ಲೇ ತೂಗುಮಣೆಯ ಮೇಲೆ ಕೂತು, "ಅದೇನ್ ಅಷ್ಟೊತ್ತು ಬಾಚ್ತೀಯೇ ಮಾರಾಯ್ತಿ, ಮದುವೆ ಹೆಣ್ಣಾ?" ಅಂದಿರಿ. ಸಿಕ್ಕು ಜಾಸ್ತಿ ಅತ್ತಿಗೆ, ಅಂದೆ.

ಹೆದರಬೇಡಿ. ನಿಮ್ಮ ಹೊಟ್ಟೆಗೆ ಏನೂ ಆಗುವುದಿಲ್ಲ. ಅವಳು ಹಾಕಿದ್ದು ಬೆಣ್ಣೆ, ನಾನು ಹೇಳಿಕೊಟ್ಟದ್ದು ಬೆಣ್ಣೆ, ಆರು ವರ್ಷದ ಹಿಂದೆ ನನ್ನ ಮನೆಯಲ್ಲೂ ಬೆಣ್ಣೆಯೇ. ನಿಮ್ಮ ಹಾಗೆ ಇನ್ನೊಬ್ಬರ ಮೇಲೆ ಹೊಲಸು ಹಾಕುವ ಸೇಡು ನನಗೆ ಬೇಡ. ನನ್ನದು ಇದಕ್ಕಿಂತ ಚೊಕ್ಕಟವಾದದ್ದು.

ಭಾನುವಾರ ನೀವು ಬರುತ್ತೀರಿ. ಚಂದ್ರಶೇಖರಪ್ಪನವರನ್ನು ಮರೆಯದೆ ಕರೆದುಕೊಂಡು ಬನ್ನಿ, ಸಾಧ್ಯವಾದರೆ ಅವರ ಮನೆಯವರನ್ನೂ. ಚಾಪೆ ಹಾಸಿರುತ್ತೇನೆ. ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ನೀವು ಹಿರಿಯರ ಮುಂದೆ ಉತ್ತರ ಕೊಡಬೇಕು. ಹೋದ ಭಾನುವಾರ ನೀವು ತಿಂದು, ಹೊಗಳಿ, ಊರಿಗೆ ಹಂಚಿದ ಆ ತಿಂಡಿ ಮಡಿಯೋ ಮೈಲಿಗೆಯೋ? ಮಡಿ ಎಂದರೆ, ಅದೇ ತಿಂಡಿ ಮಾಡಿದ್ದಕ್ಕೆ ನನ್ನ ಮಗಳನ್ನು ಯಾಕೆ ಕಿತ್ತುಕೊಂಡಿರಿ, ನಿಮ್ಮ ತಾಯಿಯ ಬಾಯಿಂದ ಲೋಟವನ್ನು ಯಾಕೆ ಎಳೆದಿರಿ, ಹೇಳಿ. ಮೈಲಿಗೆ ಎಂದರೆ, ನಿಮ್ಮ ಅಡುಗೆಮನೆಯಿಂದ ಬಂದ ಮೈಲಿಗೆಯನ್ನು ಚಂದ್ರಶೇಖರಪ್ಪನವರ ಹೆಂಡತಿ ಬೆರಳು ನೆಕ್ಕಿ ತಿಂದಿದ್ದಾರೆ. ಅದನ್ನು ಅವರಿಗೆ ನೀವೇ ಹೇಳಿ, ನಾನು ಹೇಳುವುದಿಲ್ಲ. ಕಣ್ಣೆದುರಿಗೇ ಮಾಡಿಸಿದ್ದು ಎಂದು ನೀವೇ ಸಾರಿದ್ದೀರಿ, ನನಗೆ ತಿಳಿಯದೆ ಆಯಿತು ಎಂದು ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ.

ಪ್ರಶ್ನೆ ಕೇಳುವ ಮೊದಲೇ ನಿಮಗೆ ಬಾಯಾರಿಕೆ ಆಗಬಹುದು. ನನ್ನ ಕೈಯಿಂದ ನೀರು ಕೊಡುತ್ತೇನೆ. ಎಲ್ಲರೂ ನೋಡುವ ಹಾಗೆ ಪೂರ್ತಿ ಕುಡಿದು, ಲೋಟ ನನ್ನ ಕೈಗೇ ವಾಪಸು ಕೊಡಬೇಕು. ಭಾಮಾ ಇಲ್ಲೇ ಇರುತ್ತಾಳೆ ಎಂದು ಹೇಳಿ ಎದ್ದು ಹೋಗಬೇಕು. ಅವಳ ಪುಸ್ತಕಗಳನ್ನೂ ಟ್ರಂಕನ್ನೂ ಧರ್ಮಪ್ಪನ ಕೈಲಿ ಕಳಿಸಿ. ಇಷ್ಟು ಮಾಡಿದರೆ ಆ ಪ್ರಶ್ನೆಯನ್ನು ಕೇಳುವುದಿಲ್ಲ, ಈ ಕಾಗದದಲ್ಲಿ ಇರುವುದು ನಮ್ಮಿಬ್ಬರ ನಡುವೆ ಉಳಿಯುತ್ತದೆ, ನಿಮ್ಮ ಅಧ್ಯಕ್ಷತೆಯೂ ಉಳಿಯುತ್ತದೆ. ಬರದೇ ಇದ್ದರೂ ಆದೀತು. ನೀರು ಕುಡಿಯುವುದಕ್ಕೆ ಮಾತ್ರ ಇನ್ನೊಂದು ದಿನ ಬರಲೇಬೇಕಾಗುತ್ತದೆ, ನಾನು ಬಿಡುವವಳಲ್ಲ.

ನಿಮ್ಮ ಯಜಮಾನರು ಮುರುಗೇಶಪ್ಪ ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಯಾವತ್ತೂ ನನಗೆ ಕೆಟ್ಟ ಮಾತು ಆಡಲಿಲ್ಲ, ಒಳ್ಳೆಯ ಮಾತನ್ನೂ ಆಡಲಿಲ್ಲ.

ಇತಿ, ಭಾನುವಾರ ಬಾಗಿಲು ತೆರೆದು ಕಾದಿರುವ,
ಸತ್ಯಭಾಮೆಯ ತಾಯಿ
ಜಗದಾಂಬಾ

ತಾ.ಕ.: ಅತ್ತೆ, ಇದು ನನ್ನ ಅಕ್ಷರ, ನಿಮಗೆ ಗುರುತು ಸಿಗುತ್ತದೆ. ಅಮ್ಮ ಕಾಗದವನ್ನು ನನಗೆ ಕೊಟ್ಟು, ಅಂಟಿಸಿ ಅಂಚೆಗೆ ಹಾಕು ಎಂದು ನೀರು ಹಿಡಿಯಲು ನಲ್ಲಿಗೆ ಹೋಗಿದ್ದಾಳೆ. ಬೆಣ್ಣೆ ಹಾಕಿದ್ದು ಎಂದು ಅಮ್ಮ ಬರೆದಿದ್ದಾಳೆ. ಆದರೆ ಅವತ್ತು ಒಲೆಯ ಹತ್ತಿರ ಅಮ್ಮ ಇರಲಿಲ್ಲ. ಕಣ್ಣೆದುರಿಗೇ ಮಾಡಿಸಿದೆ ಎಂದು ಹೇಳಿದ ನೀವೂ ಇರಲಿಲ್ಲ, ಸಂಘದ ಸಭಾಂಗಣದಲ್ಲಿ ತೋರಣ ಕಟ್ಟಿಸುತ್ತಿದ್ದಿರಿ. ಅಡುಗೆಮನೆಯಲ್ಲಿ ಇದ್ದವಳು ನಾನೊಬ್ಬಳೇ. ಅಜ್ಜಿ ನೀರು ಕೇಳಿದ ದಿನ ಬಾಗಿಲ ಹಿಂದೆ ನಿಂತು ನೋಡಿದವಳೂ ನಾನೇ. ಆ ಹಂದಿ ಚಿತ್ರದ ಡಬ್ಬ ನಿಮ್ಮ ಹಿತ್ತಲ ಕೊಟ್ಟಿಗೆಯಲ್ಲಿ ಬಿದ್ದಿತ್ತಲ್ಲ, ಈಗ ಅದು ನಿಮ್ಮ ಅಡುಗೆಮನೆಯ ಗೂಡಿನಲ್ಲಿ, ಬೆಣ್ಣೆಯ ಗಡಿಗೆಯ ಪಕ್ಕದಲ್ಲಿ ಇದೆ, ನಾನೇ ಇಟ್ಟದ್ದು. ಯಾರಾದರೂ ಬಂದು ನೋಡುವ ಮೊದಲು ತೆಗೆದಿಡಿ. ನೀವು ಎರಡನೇ ತುಂಡು ತಿನ್ನುವಾಗ ನಾನು ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಬೆಣ್ಣೆಯೇ ಹಾಕಿದ್ದು ಅಂತ ಭಾನುವಾರ ಲಿಂಗ ಹಿಡಿದು ಆಣೆ ಮಾಡು ಅಂದರೆ ಮಾಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.